ಅಣ್ಣ ಊರು ಬಿಟ್ಟಾನಂದ್ರ ಹೊಲದ ಹಕ್ಕು ಬಿಟ್ಟಂಗಲ್ರಿ

ರೋಣದ ಕಡೆಯಿಂದ ಕೇಳಿದ ಅಣ್ಣಾರ, ನಿಮ್ಮ ಪೋಸ್ಟ್ ಓದಿದೆ. ಅಪ್ಪನ ಹೆಸರಿಲೆ ಇದ್ದ ಎಂಟು ಎಕರೆ ಎರಿ ಹೊಲ. ಅಪ್ಪ ತೀರಿದ ಮ್ಯಾಲ ನಿಮ್ಮದು, ಅಣ್ಣಂದು, ಇಬ್ಬರು ಅಕ್ಕಂದಿರದು ಜಂಟಿ ವಾರಸಾ. ಅಣ್ಣ 2009ರಾಗ ಪುಣೆಗೆ ಹೋದಾವ ಹೊಲದ ಕಡೆ ಹೊಳ್ಳಿ ನೋಡಿಲ್ಲ. "ಅವ ಬಿಟ್ಟು ಹೋಗ್ಯಾನ, 12 ವರ್ಷ ದಾಟೇತಿ, 100 ರೂಪಾಯಿ ಬಾಂಡ್ ಮ್ಯಾಲ ಬರಿಸಿ ಉತಾರದಾಗಿನ (ಪಹಣಿಯಾಗಿನ) ಅವನ ಹೆಸರು ತಗಸ್ತೀನಿ" ಅಂದೀರಿ. ಕೆಳಗ ಮಂದಿ "ನಿಮ್ಮದ ಆತು ಬಿಡ್ರಿ" ಅಂತ ಹೆಬ್ಬಟ್ಟು ಎತ್ಯಾರ. ಈ ಗುಂಪಿನ್ಯಾಗ ಇದ ತಪ್ಪು ಲೆಕ್ಕ ಮತ್ತ ಮತ್ತ ಬರ್ತೈತಿ. ಬಾಂಡ್ ತರಾಕ ಹೋಗೂಕಿಂತ ಮೊದ್ಲ ಇದನ್ನ ಪೂರಾ ಓದ್ರಿ.

12 ವರ್ಷ ಅನ್ನೂದು 1963ರ ಲಿಮಿಟೇಶನ್ ಕಾಯ್ದೆದ 65ನೇ ಆರ್ಟಿಕಲ್‌ದಾಗಿನ ಮಾತು. ಅದು ಪರಕೀಯ ಒಬ್ಬ ನಿಮ್ಮ ಹೊಲ ಕಬ್ಜಾ ಮಾಡಿ, "ಇದು ನಂದು" ಅಂತ ಮಾಲೀಕಗ ಎದುರಾಗಿ, ಎಲ್ಲರಿಗೂ ಕಾಣೂಹಂಗ, ತುಂಡಿಲ್ಲದ ಕುಂತಾಗ ಬರೂ ಲೆಕ್ಕ. ನೀವು ಪರಕೀಯ ಅಲ್ಲ, ಪಾಲುದಾರ. ಜಂಟಿ ಆಸ್ತಿಯೊಳಗ ಒಬ್ಬ ಪಾಲುದಾರನ ಕಬ್ಜಾ ಅಂದ್ರ ಎಲ್ಲಾ ಪಾಲುದಾರರ ಕಬ್ಜಾ. ಪಿ. ಲಕ್ಷ್ಮಿ ರೆಡ್ಡಿ ಪ್ರಕರಣದಾಗ ಸುಪ್ರೀಂ ಕೋರ್ಟ್ ಇದನ್ನ ಹೇಳಿ ಆರು ದಶಕದ ಮ್ಯಾಲಾತು, ಇನ್ನೂ ಅದ ನಡದೈತಿ. ನೀವು ಬಿತ್ತಿದ್ದು, ಕಂದಾಯ ಕಟ್ಟಿದ್ದು, ಬೆಳಿ ಪರಿಹಾರ ನಿಮ್ಮ ಖಾತೆಗೆ ಬಂದದ್ದು, ಇದೆಲ್ಲಾ ಕಾಯ್ದೆ ಕಣ್ಣಾಗ ಅಣ್ಣನ ಪರವಾಗಿಯೂ ನೀವು ಹೊಲ ನೋಡಿಕೊಂಡಂಗ. ಅವನ ಹಕ್ಕು ಸಾಯಬೇಕಂದ್ರ "ನಿನಗ ಇದರಾಗ ಪಾಲಿಲ್ಲ" ಅಂತ ಅವಗ ಗೊತ್ತಾಗೂಹಂಗ ನೀವು ಹೊರಗ ಹಾಕಿರಬೇಕು, ಅಲ್ಲಿಂದ 12 ವರ್ಷ ಎಣಿಸಬೇಕು. ಕುಟುಂಬದ ಆಸ್ತಿಗೆ 110ನೇ ಆರ್ಟಿಕಲ್ ಹೇಳೂದೂ ಇದನ್ನ: ತನ್ನನ್ನ ಹೊರಗ ಹಾಕ್ಯಾರ ಅಂತ ಅವಗ ತಿಳಿದ ದಿನದಿಂದ ಗಡಿಯಾರ ಸುರು. ಅವ ಪುಣೆ ಬಸ್ಸು ಹತ್ತಿದ ದಿನದಿಂದಲ್ಲ.

ಇದನ್ನ ಓದಿ ಯಾರರ "ಹಂಗಾದ್ರ ಇವತ್ತ ಒಂದು ನೋಟಿಸ್ ಕಳಿಸಿಬಿಡ್ತೀನಿ" ಅಂತ ಹೊಂಟೀರಿ, ನಿಲ್ರಿ. ಆ ನೋಟಿಸ್ ಮುಟ್ಟಿದ ತಿಂಗಳೊಳಗ ಅಣ್ಣ ಪಾಲಿನ ದಾವೆ ಹಾಕ್ತಾನ. ಇನ್ನೊಂದು, ಅಡ್ವರ್ಸ್ ಪೊಸೆಶನ್ (ಮ್ಯಾಲ ಹೇಳಿದ 12 ವರ್ಷದ ಎದುರು ಕಬ್ಜಾ) ಅಂತ ವಾದ ಮಾಡೂದು ಅಂದ್ರ "ಮಾಲೀಕ ಅವನ ಇದ್ದ" ಅಂತ ನೀವ ಒಪ್ಪಿಕೊಂಡಂಗ. ಅದ ಕೈಫಿಯತ್ತಿನ್ಯಾಗ (ಕೋರ್ಟಿಗೆ ಕೊಡೂ ಲಿಖಿತ ಉತ್ತರದಾಗ) "ಮೊದ್ಲಿಂದ ಹೊಲ ನಂದ" ಅಂತಾನೂ ಬರದ್ರ ಎರಡೂ ವಾದ ಒಂದಕ್ಕೊಂದು ಹೊಡಕೊಂಡು ಬೀಳ್ತಾವ. 2019ರಾಗ ಸುಪ್ರೀಂ ಕೋರ್ಟ್ ಅಡ್ವರ್ಸ್ ಪೊಸೆಶನ್ ಮ್ಯಾಲ ವಾದಿಯಾಗಿನೂ ದಾವೆ ಹಾಕಬಹುದು ಅಂದೈತಿ, ಖರೆ. ಅದನ್ನ ಯೂಟ್ಯೂಬ್‌ನ್ಯಾಗ ಕೇಳಿ ಅಣ್ಣ ತಮ್ಮರ ಹೊಲಕ್ಕ ಹಚ್ಚಬ್ಯಾಡ್ರಿ.

ಉತಾರ ನೋಡೂದನ್ನೂ ಕಲೀರಿ. ಭಾಳ ಮಂದಿ 12ನೇ ಕಲಮಿನ್ಯಾಗ ತಮ್ಮ ಹೆಸರು ಕಂಡು ಖುಷಿ ಪಡ್ತಾರ. ಅದು ಸಾಗುವಳಿದಾರನ ಕಲಂ. ಮಾಲೀಕತ್ವ ನೋಡೂದು 9ನೇ ಕಲಮಿನ್ಯಾಗ, ಅದು ಹೆಂಗ ಬಂತು ಅನ್ನೂದು 10ರಾಗ, ಸಾಲ ಮತ್ತ ಇತರ ಹಕ್ಕು 11ರಾಗ. 9ರಾಗ ನಾಲ್ಕು ಹೆಸರು ಇರೂತನಕ 12ರಾಗ ನಿಮ್ಮದೊಂದ ಹೆಸರು ಇದ್ರೂ ನಾಲ್ಕು ಮಂದಿದ ಹೊಲ. 9ರಾಗ ಒಬ್ಬಂದ ಹೆಸರು ಬಂದ್ರೂ ಕಂದಾಯ ದಾಖಲೆ ಹಕ್ಕು ಹುಟ್ಟಸೂದಿಲ್ಲ, ಬರೇ ಒಂದು ಊಹೆ ಕೊಡ್ತೈತಿ, ಸಿವಿಲ್ ಕೋರ್ಟ್ ಅದನ್ನ ತಗದು ಹಾಕಬಹುದು.

ಇನ್ನ ಬಾಂಡಿನ ಮಾತು. 1908ರ ನೋಂದಣಿ ಕಾಯ್ದೆದ 17ನೇ ಕಲಂ ಪ್ರಕಾರ 100 ರೂಪಾಯಿ ಮತ್ತ ಅದಕ್ಕಿಂತ ಮ್ಯಾಲಿನ ಸ್ಥಿರಾಸ್ತಿಯ ಹಕ್ಕು ಬಿಡೂ ಕಾಗದ ರಜಿಸ್ಟರ್ ಆಗಬೇಕು. ಅಲ್ಲಿ ಹೇಳಿದ 100 ರೂಪಾಯಿ ಆಸ್ತಿಯ ಕಿಮ್ಮತ್ತು, ಬಾಂಡಿನ ಕಿಮ್ಮತ್ತಲ್ರಿ! ನೋಟರಿ ಕೆಂಪು ಸೀಲು ಒತ್ತಿದ್ರೂ, ಐದು ಮಂದಿ ಹಿರ್ಯಾರು ಸಹಿ ಹಾಕಿದ್ರೂ, ರಜಿಸ್ಟರ್ ಆಗದ ಕಾಗದದಿಂದ ಅಣ್ಣನ ಪಾಲು ನಿಮಗ ಬರೂದಿಲ್ಲ. 49ನೇ ಕಲಂ ಅದನ್ನ ಪುರಾವೆ ಅಂತನೂ ತಗೊಳ್ಳೂದಿಲ್ಲ, ಸಣ್ಣಪುಟ್ಟ ಬ್ಯಾರೆ ಸಂಗತಿಗೆ ತೋರಸಬಹುದು, ಅಷ್ಟ.

ಸರಿಯಾದ ದಾರಿ ಹಿಂಗೈತಿ. ಹೊಸಾ ಉತಾರ ತಗೀರಿ. ನಾಡಕಚೇರಿಯಿಂದ ವಂಶಾವಳಿ ತಗೀರಿ, ಅದರಾಗ ಅಕ್ಕಂದಿರ ಹೆಸರು ಬಿಡಬ್ಯಾಡ್ರಿ. ಸಬ್‌ರಜಿಸ್ಟ್ರಾರ್ ಕಚೇರಿಯೊಳಗ ಹಕ್ಕು ಬಿಡುಗಡೆ ಪತ್ರ ಮಾಡಸ್ರಿ. ಎಲ್ಲಾ ಪಾಲುದಾರರ ಪರವಾಗಿ ಬಿಡೂದು ಬ್ಯಾರೆ, ನಿಮ್ಮೊಬ್ಬರ ಹೆಸರಿಗೆ ಬಿಡೂದು ಬ್ಯಾರೆ, ಸ್ಟ್ಯಾಂಪ್ ಶುಲ್ಕನೂ ಬ್ಯಾರೆ ಬೀಳಬಹುದು. ಕಾಗದ ಬರಸೂ ಮೊದ್ಲ ಕಚೇರಿಯೊಳಗ ಕೇಳ್ರಿ, ಹೊರಗ ಟೇಬಲ್ ಹಾಕ್ಕೊಂಡು ಕುಂತಾವಗ ಅಲ್ಲ. ಅಣ್ಣಗ ಬರಾಕ ಆಗೂದಿಲ್ಲಂದ್ರ ಪುಣೆದಾಗ ಅವ ಇರೂ ಹದ್ದಿನ ಸಬ್‌ರಜಿಸ್ಟ್ರಾರ್ ಮುಂದ ದೃಢೀಕರಿಸಿದ ಮುಖತ್ಯಾರ ಪತ್ರ ತರಸ್ರಿ. ಬರೇ ನೋಟರಿ ಮಾಡಿದ ಮುಖತ್ಯಾರ ತಂದ್ರ ರಜಿಸ್ಟ್ರಿ ಟೇಬಲ್ ಮುಂದಿಂದ ಹೊಳ್ಳಿ ಕಳಸ್ತಾರ. ಅಣ್ಣ ಹಕ್ಕು ಬಿಡಾಕ ಒಪ್ಪದಿದ್ರ ವಾಟ್ನಿನ (ಪಾಲು ಹಂಚಿಕಿನ) ಮಾಡ್ಕೊಳ್ರಿ, ಅದಕ್ಕ ಸರ್ವೇದವರು ಅಳದು ಕೊಡೂ 11ಇ ನಕ್ಷೆ ಬೇಕು. ದಿಶಾಂಕ್ ಆಪ್‌ನ್ಯಾಗ ಗೆರಿ ನೋಡಿ ವಾಟ್ನಿ ಹಾಕೂವ್ರು ಇದ್ದಾರ, ಅದು ಹೊಲ ಎಲ್ಲಿ ಐತಿ ಅಂತ ಹುಡುಕಾಕ ಛಲೋ ಆಪ್, ಬದು ಎಲ್ಲಿ ಐತಿ ಅಂತ ಹೇಳಾಕ ಅಲ್ಲ.

"ಅಕ್ಕಾರು ಬ್ಯಾಡ ಅಂದಾರ" ಅಂತ ಒಂದ ಸಾಲಿನ್ಯಾಗ ಮುಗಿಸೀರಿ. ಬಾಯಿಲೆ ಬ್ಯಾಡ ಅಂದದ್ದು ಹಕ್ಕು ಬಿಟ್ಟಂಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮ್ಯಾಲ ಹೆಣ್ಣುಮಕ್ಕಳು ಹುಟ್ಟಿನಿಂದನ ಪಾಲುದಾರರು, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನ ಗಟ್ಟಿ ಮಾಡೇತಿ. ಅಪ್ಪನ ಸ್ವಂತದ ಹೊಲ ಆಗಿದ್ರೂ ಅವರು ವಾರಸುದಾರರ. ಪಂಚಮಿಗೆ ಸೀರಿ ಉಡಿಸಿ ಕಳಿಸಿದ್ದು ಹಕ್ಕು ಬಿಡುಗಡೆ ಪತ್ರ ಆಗೂದಿಲ್ರಿ. ಅವರ ಸಹಿ ಇಲ್ಲದ ಹೊಲ ಮಾರಿದ್ರ, ತಗೊಂಡಾವ ನಾಳೆ ನಿಮ್ಮ ಬಾಗಿಲಿಗೆ ಬರ್ತಾನ.

ಕೆಳಗ ಒಬ್ರು "ಏಳು ವರ್ಷ ಆದ್ರ ಸತ್ತಂಗ ಲೆಕ್ಕ" ಅಂದಾರ. ಅದು ಸುದ್ದಿನ ಇಲ್ಲದ ಮನಷಾಗ. ಸಹಜವಾಗಿ ಯಾರಿಗೆ ಸುದ್ದಿ ಬರಬೇಕಿತ್ತೋ ಅವರಿಗೇ ಏಳು ವರ್ಷ ಸುದ್ದಿ ಇಲ್ಲಂದ್ರ ಮಾತ್ರ ಸತ್ತಾನ ಅಂತ ಊಹೆ. ದೀಪಾವಳಿಗೆ ಫೋನ್ ಮಾಡೂ ಅಣ್ಣ ಆ ಲೆಕ್ಕಕ್ಕ ಬರೂದಿಲ್ಲ. ಖರೇನ ಕಾಣಿಯಾದವರ ಮನಿಯವರು ಪೊಲೀಸ್ ದೂರು, ಪೇಪರಿನ ಪ್ರಕಟಣೆ ಎರಡೂ ಇಟ್ಕೊಂಡು ಸಿವಿಲ್ ಕೋರ್ಟಿನ್ಯಾಗ ಘೋಷಣೆ ತರಬೇಕು. ತಂದ ಮ್ಯಾಲ ಅವನ ಪಾಲು ಅವನ ಹೆಂಡತಿ, ಮಕ್ಕಳು, ತಾಯಿಗೆ ಹೋಗ್ತೈತಿ. ಇವರು ಇರೂತನಕ ತಮ್ಮಗ ಏನೂ ಬರೂದಿಲ್ಲ.

ಗುಂಪಿನ್ಯಾಗ ಬಂದ ಬ್ಯಾರೆ "ಬಿಟ್ಟ" ಪ್ರಶ್ನೆಗಳಿಗೂ ಇಲ್ಲೇ ಉತ್ತರ ಕೊಡ್ತೀನಿ. ಬಂಡಿ ದಾರಿ ಐದು ವರ್ಷ ಬಳಸಿಲ್ಲ, ಬಾಜೂದವ ಮುಚ್ಯಾನ ಅಂತ ಕೇಳಿದವರಿಗೆ: ಬರೇ ಬಳಸದ ಬಿಟ್ರ ದಾರಿ ಹಕ್ಕು ಬಿಟ್ಟಂಗಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಅದನ್ನ ಬಿಚ್ಚಿನ ಹೇಳ್ತೈತಿ. ತುಂಡಿಲ್ಲದ 20 ವರ್ಷ ಒಮ್ಮೆನೂ ಬಳಸದಿದ್ರ 47ನೇ ಕಲಂ ಪ್ರಕಾರ ಹೋಗ್ತೈತಿ. ಆದ್ರ ನೀವ ಮುಂದ ನಿಂತು ಅಲ್ಲಿ ಅವಗ ಗ್ವಾಡಿ ಕಟ್ಟಾಕ ಒಪ್ಪಿಗಿ ಕೊಟ್ಟಿದ್ರ ಕಥಿ ಬ್ಯಾರೆ, ಅದು ನಡತಿಲೆ ಬಿಟ್ಟಂಗ. ಅದಕ್ಕ ವರ್ಷಕ್ಕ ಒಮ್ಮೆರ ಬಂಡಿ, ಟ್ರ್ಯಾಕ್ಟರ್ ಹಾಯಿಸಿ ಒಂದು ಫೋಟೋ ತಗದು ಇಡ್ರಿ.

ಗೈರುಹಾಜರಿಗೆ ಅಳಿಯನ ನೌಕರಿ ಹೋಗ್ತೈತೇನು ಅಂತ ಕೇಳಿದವರಿಗೆ: ನೌಕರಿ ಬಿಟ್ಟು ಹೋಗ್ಯಾನ ಅಂತ ಹೆಸರು ಹೊಡದು ಹಾಕಾಕ ಬರೇ ಗೈರುಹಾಜರಿ ಸಾಲೂದಿಲ್ಲ, ಬಿಡೂ ಇರಾದೆ ಇತ್ತು ಅಂತ ಕಾಣಬೇಕು. ಸ್ಟ್ಯಾಂಡಿಂಗ್ ಆರ್ಡರಿನ್ಯಾಗ (ಕಂಪನಿಯ ನೌಕರಿ ನಿಯಮದಾಗ) "ಎಂಟು ದಿನ ಬರದಿದ್ರ ನೌಕರಿ ಹೋತು" ಅಂತ ಬರದಿದ್ರೂ ವಿಚಾರಣೆ ಮಾಡದ ತಗೀಬಾರದು ಅಂತ ಸುಪ್ರೀಂ ಕೋರ್ಟಿನ 1993ರ ಡಿ.ಕೆ. ಯಾದವ್ ತೀರ್ಪು ಐತಿ. ಇದರ ಅರ್ಥ ಮನ್ಯಾಗ ಮಲಗಬೇಕಂತಲ್ಲ. ಮನಿಗೆ ಬಂದ ನೋಟಿಸ್ "ಮನಿಯಾಗ ಇಲ್ಲ" ಅಂತ ಹೊಳ್ಳಿ ಕಳಸೂದು ಎಲ್ಲಾಕ್ಕಿಂತ ದೊಡ್ಡ ದಡ್ಡತನ, ಅದನ್ನ ಇರಾದೆಗೆ ಪುರಾವೆ ಮಾಡ್ತಾರ. ಪ್ರತಿ ನೋಟಿಸಿಗೆ ಉತ್ತರ, ಆಸ್ಪತ್ರೆ ಚೀಟಿ, "ಕೆಲಸಕ್ಕ ಬರಾಕ ತಯಾರ ಅದೀನಿ" ಅನ್ನೂ ಒಂದು ಸಾಲು, ಪೋಸ್ಟಿನ್ಯಾಗ ಕಳಸ್ರಿ. 2025ರಾಗ ರಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗ ಸೇರೇತಿ, ಅದನ್ನ ಮಾಡ್ರಿ. ಖಾಸಗಿ ಕೊರಿಯರ್ ಚೀಟಿ ನಾನಂತೂ ನಂಬೂದಿಲ್ಲ.

ಹೆಂಡತಿ ಬಿಟ್ಟು ಹೋಗ್ಯಾಳ ಅಂತ ಡಿವೋರ್ಸ್ ಕೇಳೂವ್ರು ಎರಡು ವರ್ಷದ ಲೆಕ್ಕ ಹಿಡಿತಾರ. ಅರ್ಜಿ ಹಾಕೂ ದಿನದ ಹಿಂದಿನ ಎರಡು ವರ್ಷ ತುಂಡಿಲ್ಲದ, ಕಾರಣ ಇಲ್ಲದ, ಹೊಳ್ಳಿ ಬರಬಾರದು ಅನ್ನೂ ಮನಸ್ಸಿಲೆ ಬಿಟ್ಟಿರಬೇಕು. ಬಾಣಂತನಕ್ಕ ತವರಿಗೆ ಹೋದದ್ದು ಅದಲ್ಲ. ಹೊಡದು ಹೊರಗ ಹಾಕಿದ್ರ ಬಿಟ್ಟಾವ ಗಂಡನ, ಮನಿ ಒಳಗ ಅವನ ಕುಂತಿದ್ರೂ.

ವಯಸ್ಸಾದ ಅವ್ವ ಅಪ್ಪನ್ನ ಬಿಟ್ರ 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಮೂರು ತಿಂಗಳತನಕ ಜೈಲು, 5,000 ರೂಪಾಯಿತನಕ ದಂಡ. ಮಕ್ಕಳಿಗೆ ಬಕ್ಷೀಸ ಪತ್ರ ಬರಕೊಡೂ ಹಿರ್ಯಾರು "ನನ್ನನ್ನ ನೋಡಿಕೊಳ್ಳೂ ಷರತ್ತಿನ ಮ್ಯಾಲ" ಅನ್ನೂ ಮಾತು ಪತ್ರದಾಗ ಬರಸ್ರಿ. ನೋಡದಿದ್ರ 23ನೇ ಕಲಂ ಹಿಡದು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯೊಳಗ ಅದನ್ನ ರದ್ದು ಮಾಡಸಾಕ ಆ ಒಂದು ಸಾಲು ಬೇಕಾಗ್ತೈತಿ. ಮುದಿ ಎತ್ತು ಹೆದ್ದಾರಿಗೆ ಬಿಟ್ಟು ಬರೂದೂ ಅಪರಾಧನ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆದ 11ನೇ ಕಲಂ, ಮೊದಲ ಸಲಕ್ಕ ದಂಡ 10ರಿಂದ 50 ರೂಪಾಯಿ. ದಂಡ ಸಣ್ಣದಂತ ನಗಬ್ಯಾಡ್ರಿ, ರಾತ್ರಿ ಬೈಕ್ ಬಡದ್ರ ಆ ಕೇಸು ಸಣ್ಣದಿರೂದಿಲ್ಲ.

ಬ್ಯಾಡಗಿ ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಚೀಲ ಇಟ್ಟು ಬಾಡಿಗಿ ಕಟ್ಟದ ಬಿಟ್ಟವರು ಕೇಳ್ರಿ: ಮಾಲು ನಿಮ್ಮದ. ಅವರು ಬಾಡಿಗಿ ಬರೂತನಕ ತಡದು ಹಿಡೀಬಹುದು, ಆದ್ರ ಹಿಡಿಯೂ ಹಕ್ಕು ಬ್ಯಾರೆ, ಮಾರೂ ಹಕ್ಕು ಬ್ಯಾರೆ. ಮಾರಾಕ ಬರ್ತೈತೋ ಇಲ್ಲೋ ಅನ್ನೂದು ನೀವು ಸಹಿ ಹಾಕಿದ ರಸೀದಿ ಹಿಂದಿನ ಷರತ್ತು ಓದಿದ್ರ ಗೊತ್ತಾಗ್ತೈತಿ, ಅದನ್ನ ಯಾರೂ ಓದೂದಿಲ್ಲ. ಅದ ಮೆಣಸಿನಪುಡಿಗೆ ಹೆಸರಿಟ್ಟು ಟ್ರೇಡ್‌ಮಾರ್ಕ್ ಅರ್ಜಿ ಹಾಕಿದವರಿಗೆ ಇದು ಪೂರಾ ತಿರುವಮುರುವ. ಅಲ್ಲಿ ನಿಮ್ಮ ಮನಸ್ಸು ಯಾರೂ ಕೇಳೂದಿಲ್ಲ. ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಾ ವರದಿಗೆ ಒಂದು ತಿಂಗಳೊಳಗ ಉತ್ತರ ಕೊಡದಿದ್ರ, ಯಾರರ ತಕರಾರು ತಗದಾಗ ಎರಡು ತಿಂಗಳೊಳಗ ಪ್ರತಿ ಹೇಳಿಕಿ ಹಾಕದಿದ್ರ, ಅರ್ಜಿ ಬಿಟ್ಟೀರಿ ಅಂತನ ಲೆಕ್ಕ. ಏಜೆಂಟಿನ ಇಮೇಲ್ ಕೊಟ್ಟು ಕೈ ತೊಳಕೊಂಡವರ ಅರ್ಜಿ ಹೋಗೂದು ಹಿಂಗ.

ಅಣ್ಣಾರ, ನಿಮ್ಮ ಫೋಟೋದಾಗ ಕಡ್ಲಿ ಹೊಲದ ಮೂಲ್ಯಾಗ ನೀರು ಬೀಳದ ಬೋರು ಕಂಡೆ, ಮ್ಯಾಲ ಬರೇ ಗೋಣಿಚೀಲ ಕಟ್ಟೈತಿ. ಹೊಲದ ಜಗಳ ಕೋರ್ಟಿನ್ಯಾಗ ವರ್ಷಗಟ್ಟಲೆ ನಡೀಲಿ, ಇದಕ್ಕ ತಡ ಮಾಡಬ್ಯಾಡ್ರಿ. ಬಿಟ್ಟ ಬೋರನ್ನ ತಳದಿಂದ ನೆಲಮಟ್ಟದತನಕ ಜೇಡಿಮಣ್ಣು, ಉಸುಕು, ಕಲ್ಲು ಹಾಕಿ ತುಂಬಬೇಕು ಅಂತ 2010ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಮ್ಯಾಲ ಒಂದು ಚಪ್ಪಡಿ ಎಳದ್ರ ಮುಚ್ಚಿದಂಗಲ್ಲ, ಟ್ರ್ಯಾಕ್ಟರ್ ಗಾಲಿ ತಾಗಿದ್ರ ಸರೀತೈತಿ. ಮುಂದ ಪಂಪು ಇಳಸೂ ವಿಚಾರ ಇದ್ರ ತುಂಬಬ್ಯಾಡ್ರಿ, ಕೇಸಿಂಗ್ ಮ್ಯಾಲ ಸ್ಟೀಲ್ ಪ್ಲೇಟ್ ವೆಲ್ಡ್ ಮಾಡಸ್ರಿ ಇಲ್ಲಾ ನಟ್ ಬೋಲ್ಟ್ ಹಾಕಿ ಗಟ್ಟಿ ಕ್ಯಾಪ್ ಕೂಡ್ರಸ್ರಿ, ಸುತ್ತ ಅರ್ಧ ಮೀಟರ್ ಅಗಲದ ಸಿಮೆಂಟ್ ಕಟ್ಟಿ, ನೆಲದ ಮ್ಯಾಲ 30 ಸೆಂಟಿಮೀಟರ್, ಕೆಳಗ 30. ಪ್ಲಾಸ್ಟಿಕ್ ಕ್ಯಾಪ್ ಬ್ಯಾಡ, ಎರಡು ಬ್ಯಾಸಗಿಗೆ ಸೀಳತಾವ. ಹೊಲ ನಾಲ್ಕು ಮಂದಿದಾದ್ರೂ ಅದನ್ನ ಮುಚ್ಚಾಕ ಅಣ್ಣನ ಸಹಿ ಬೇಕಾಗಿಲ್ಲ.