ಎರಡನೆಯ ಮುದ್ರಣ, ಸಾವಿರ ಪ್ರತಿ

ಪತ್ರದ ಸಾರ: "ನನ್ನ ಮುತ್ತಾತ ಬಳೇಪೇಟೆಯಲ್ಲಿ ಅಚ್ಚುಕೂಟ ನಡೆಸುತ್ತಿದ್ದರು. ಮಕ್ಕಳಿಗಾಗಿ ಲೆಕ್ಕದ ಪುಸ್ತಕ ಬರೆದು ತಾವೇ ಅಚ್ಚು ಹಾಕಿದ್ದರು. ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ಅವರ ಬಗ್ಗೆ ಬರೆದೆ. 'ಗಮನಾರ್ಹತೆಗೆ ಆಧಾರ ಸಾಲದು' ಎಂದು ವಾರದೊಳಗೆ ಅಳಿಸಿಹಾಕಿದರು. ಎರಡು ಸಿನಿಮಾದಲ್ಲಿ ಮುಖ ತೋರಿಸಿದವರಿಗೂ ಅಲ್ಲಿ ಪುಟ ಇದೆ. ಇದೇ ಲೇಖನವನ್ನು ನೀವು ಪ್ರಕಟಿಸಿದರೆ ಅದನ್ನೇ ಆಧಾರವಾಗಿ ಕೊಟ್ಟು ಮತ್ತೆ ಹಾಕುತ್ತೇನೆ." – ಓದುಗರು, ತ್ಯಾಗರಾಜನಗರ, ಬೆಂಗಳೂರು (ಹೆಸರು ಬೇಡವೆಂದಿದ್ದಾರೆ)

ಮಾನ್ಯರೇ,

ಹಾಕುವುದಿಲ್ಲ. ಕನಿಷ್ಠ ಈ ಉದ್ದೇಶಕ್ಕಂತೂ ಹಾಕುವುದಿಲ್ಲ. ಕಾರಣ ಹೇಳುವ ಮೊದಲು ಒಂದು ಮಾತು: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದು 'ಗಮನಾರ್ಹತೆ' ಎಂಬ ಪದದ ಮೇಲೆ ತಿರುಗಬೇಕು. ಕನ್ನಡದಲ್ಲಿ ಆ ಪದ ಕೇಳಿದರೆ ನಿಮ್ಮ ಮುತ್ತಾತ ಗಮನಕ್ಕೆ ಯೋಗ್ಯರಲ್ಲ ಎಂದು ಯಾರೋ ಮುಖಕ್ಕೆ ಹೊಡೆದಂತೆ ಹೇಳಿದ ಹಾಗಾಗುತ್ತದೆ. ವಿಶ್ವಕೋಶದವರು ಕೇಳುವುದು ಬೇರೆ. ಮನೆಯವರಲ್ಲದ, ನಂಟರಲ್ಲದ ಯಾರಾದರೂ ಈ ವ್ಯಕ್ತಿಯ ಬಗ್ಗೆ ನಂಬಬಹುದಾದ ಕಡೆ ಒಂದಿಷ್ಟು ವಿವರವಾಗಿ ಬರೆದಿದ್ದಾರೆಯೇ? ಅಷ್ಟೇ. ಸಿನಿಮಾದವರಿಗೆ ಪುಟ ಸುಲಭವಾಗಿ ಸಿಗುವುದೂ ಇದರಿಂದಲೇ. ಅವರ ಬಗ್ಗೆ ಪೇಪರಿನವರು ಶುಕ್ರವಾರ ಶುಕ್ರವಾರ ಬರೆಯುತ್ತಾರೆ, ಬಳೇಪೇಟೆಯಲ್ಲಿ ಅಚ್ಚುಮೊಳೆ ಜೋಡಿಸಿದವರ ಬಗ್ಗೆ ಬರೆಯುವುದಿಲ್ಲ.

ಸಾಹಿತ್ಯ ಚರಿತ್ರೆಗಾದರೆ ಆಧಾರ ತುಂಬಾ ಇರಬೇಕು ಅಂತಲೂ ಇಲ್ಲ. ಕವಿರಾಜಮಾರ್ಗದಲ್ಲಿ ಗದ್ಯ ಬರೆದವರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು ಎಂಬ ಹೆಸರುಗಳು ಬರುತ್ತವೆ. ಇವರು ಬರೆದದ್ದು ಒಂದು ಓಲೆಯೂ ನಮಗೆ ಸಿಕ್ಕಿಲ್ಲ. ಆದರೂ ಸಾಹಿತ್ಯ ಚರಿತ್ರೆ ಇವರನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಇನ್ನೊಬ್ಬ ಒಂದೇ ಒಂದು ಪದ್ಯದಲ್ಲಿ ಹೆಸರು ಹೇಳಿದ್ದ, ಸಾಕಾಯಿತು. ಆ ಇನ್ನೊಬ್ಬ ಜಯಬಂಧುವಿನ ಮರಿಮಗನಾಗಿದ್ದರೆ? ಸಾಕಾಗುತ್ತಿರಲಿಲ್ಲವೋ ಏನೋ.

ನಮ್ಮ ಊರಿನದೇ ಉದಾಹರಣೆ ಬೇಕಾದರೆ ಹೆಬ್ಬಾಳದ ಕಿತ್ತಯ್ಯ. 2018ರವರೆಗೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ನೆಲ ಅಗೆಯುವಾಗ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಾಳಗದಲ್ಲಿ ಮಡಿದವನ ಹೆಸರು ಕಲ್ಲಿನ ಮೇಲಿದೆ. ಕಿತ್ತಯ್ಯನಿಗೆ ಪ್ರತ್ಯೇಕ ಪುಟ ಬೇಕೇ? ನನ್ನನ್ನು ಕೇಳಿದರೆ ಬೇಡ. ಆ ಕಲ್ಲಿಗೊಂದು ಪುಟ ಇರಲಿ, ಕಿತ್ತಯ್ಯ ಅದರೊಳಗೆ ಇರಲಿ. ಅವನ ಬಗ್ಗೆ ನಮಗೆ ತಿಳಿದದ್ದೆಲ್ಲ ಆ ಕಲ್ಲೇ. ಬೇರೆ ಪುಟ ಮಾಡಿದರೆ ಬಾಕಿ ಜಾಗವನ್ನು ನಾವು ಹೊಗಳಿಕೆಯಿಂದ ತುಂಬಿಸಬೇಕಾಗುತ್ತದೆ. ನಿಮ್ಮ ಲೇಖನದ ಎರಡನೆಯ ಅರ್ಧದಲ್ಲಿ ಆಗಿರುವುದೂ ಇದೇ, ಬೇಸರಿಸಬೇಡಿ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಮೂರು ಸಲ ಬಂದಿದೆ.

ಈಗ ನಿಮ್ಮ ಕೋರಿಕೆಗೆ ಬರುತ್ತೇನೆ. ನೀವು ಬರೆದದ್ದನ್ನು ನಾನು ಅಚ್ಚು ಹಾಕಿ, ನನ್ನ ಅಚ್ಚನ್ನು ನೀವು ಆಧಾರವೆಂದು ತೋರಿಸಿದರೆ, ಮನೆಯ ಮಾತು ನಮ್ಮ ಪತ್ರಿಕೆಯ ಅಂಗಿ ತೊಟ್ಟುಕೊಂಡು ಹೋದಂತಾಯಿತು, ಅಷ್ಟೇ. ಕೆಲವು ವರ್ಷಗಳ ಹಿಂದೆ ನಾನೇ ಈ ತಪ್ಪು ಮಾಡಿದೆ. ಒಬ್ಬರು ತಮ್ಮ ಅಜ್ಜಿಯ ಬಗ್ಗೆ 'ಈ ಕೆಲಸ ಮಾಡಿದ ಮೊತ್ತಮೊದಲ ಕನ್ನಡತಿ' ಎಂದು ಬರೆದು ಕಳಿಸಿದರು, ಚೆನ್ನಾಗಿ ಬರೆದಿದ್ದರು, ಹಾಗೇ ಹಾಕಿದೆ. ಆ 'ಮೊತ್ತಮೊದಲ' ಒಂದು ಸ್ಮರಣಸಂಚಿಕೆಗೆ ಹೋಯಿತು, ಅಲ್ಲಿಂದ ಒಂದು ಭಾಷಣಕ್ಕೆ ಹೋಯಿತು. ಆಮೇಲೆ ಇನ್ನೊಬ್ಬ ಓದುಗರು, ಅದಕ್ಕೂ ಹನ್ನೊಂದು ವರ್ಷ ಹಿಂದೆ ಇನ್ನೊಬ್ಬಾಕೆ ಅದೇ ಕೆಲಸ ಮಾಡಿದ್ದಕ್ಕೆ ದಾಖಲೆ ಕಳಿಸಿದರು. ತಿದ್ದುಪಡಿ ಹಾಕಿದೆವು. ಆ ತಿದ್ದುಪಡಿಯನ್ನು ಇವತ್ತಿನವರೆಗೆ ಒಬ್ಬರೂ ಉಲ್ಲೇಖಿಸಿಲ್ಲ.

ಇರಲಿ. ನೀವು ಲೇಖನದ ಜೊತೆ ಇಟ್ಟಿರುವ ಜೆರಾಕ್ಸ್ ಬಗ್ಗೆ ಹೇಳಬೇಕು. ನಿಮ್ಮ ಲೇಖನ ಪೂರ್ತಿ ಮಹಾರಾಜರು ಶಾಲು ಹೊದಿಸಿದ ಪ್ರಸಂಗದ ಮೇಲೆ ನಿಂತಿದೆ. ವರ್ಷಕ್ಕೆ ಇಂಥ ಹತ್ತಾರು ಶಾಲು ನಮ್ಮ ಕಚೇರಿಗೆ ಬರುತ್ತವೆ. ನಾಲ್ವಡಿಯವರು ಅಷ್ಟೆಲ್ಲ ಹೊದಿಸಿದ್ದರೆ ಪೇಟೆಯ ಅಂಗಡಿಗಳು ಬರಿದಾಗಬೇಕಿತ್ತು! ಜೆರಾಕ್ಸಿನಲ್ಲಿರುವ ಶೀರ್ಷಿಕೆ ಪುಟ ಮಾತ್ರ ಬೇರೆ ಕಥೆ ಹೇಳುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಎರಡನೆಯ ಮುದ್ರಣ, 1,000 ಪ್ರತಿ, ಬೆಲೆ 2 ಆಣೆ' ಎಂದಿದೆ. ಅದರ ಮೇಲೆ, ಮಸಿ ಅರ್ಧ ಹಾರಿಹೋಗಿದ್ದರೂ ಓದಲಾಗುತ್ತದೆ, 'ವಿದ್ಯಾ ಇಲಾಖೆಯವರಿಂದ ಅಂಗೀಕೃತ'. ಇದನ್ನು ನೀವು ಲೇಖನದಲ್ಲಿ ಎತ್ತಿಯೇ ಇಲ್ಲ. ಮೊದಲ ಮುದ್ರಣ ಖರ್ಚಾಗದೆ ಸ್ವಂತ ದುಡ್ಡಿನ ಅಚ್ಚುಕೂಟದವರು ಎರಡನೆಯದಕ್ಕೆ ಕೈ ಹಾಕುವುದು ಅಪರೂಪ. ಇಲಾಖೆ ಒಪ್ಪಿದ್ದು ನಿಜವಾದರೆ ಮಕ್ಕಳು ಇದನ್ನು ಶಾಲೆಯಲ್ಲೇ ಓದಿರಬಹುದು, ಸರ್ಕಾರದ ಕಡತದಲ್ಲೂ ಒಂದು ಸಾಲು ಇರಬೇಕು. ಆ ಸಾಲು ಬರೆದ ಗುಮಾಸ್ತ ನಿಮ್ಮ ನಂಟನಲ್ಲ. ಶಾಲಿಗಿಂತ ಅದು ದೊಡ್ಡದು.

ನಂಜನಗೂಡು ತಿರುಮಲಾಂಬ ಅವರ ಕಥೆ ನಿಮಗೆ ಗೊತ್ತಿರಬಹುದು. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ಕಾದಂಬರಿ ಬರೆದು, 'ಸತೀಹಿತೈಷಿಣೀ' ಗ್ರಂಥಮಾಲೆ ನಡೆಸಿ, 'ಕರ್ನಾಟಕ ನಂದಿನಿ' ಪತ್ರಿಕೆ ತಂದವರು. ಆಮೇಲೆ ದಶಕಗಳ ಕಾಲ ಸಾಹಿತ್ಯಲೋಕ ಅವರನ್ನು ಮರೆತೇ ಬಿಟ್ಟಿತ್ತು. 1982ರಲ್ಲಿ ತೀರಿಕೊಂಡರು. ಇವತ್ತು ಜಯನಗರದ ಶಾಶ್ವತಿ ಸಂಸ್ಥೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಅವರ ಪುಸ್ತಕ, ಪತ್ರಿಕೆ ಎಲ್ಲೋ ಕಪಾಟಿನಲ್ಲಿ ಉಳಿದಿದ್ದವು, ಅವನ್ನು ಹುಡುಕಿ ಓದಿದ ಹೆಂಗಸರಿದ್ದರು. ಅಳಿದುಹೋದ ಸಂಚಿಕೆಗಳಲ್ಲಿ ಇನ್ನೆಷ್ಟು ಜನ ಇದ್ದರೋ.

ಹಾಗಾಗಿ ಮೊದಲು ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಿ ವಿದ್ಯಾ ಇಲಾಖೆಯ ಕಡತ ಕೇಳಿ. ಅರ್ಜಿ ಬರೆದುಕೊಡಬೇಕು, ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ಆಮೇಲೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ಪರಿಷತ್ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಪುಸ್ತಕ ವಿಮರ್ಶೆ ಏನಾದರೂ ಸಿಕ್ಕರೆ, ಬೈದು ಬರೆದಿದ್ದರೂ ಸರಿ, ನಕಲು ಮಾಡಿಕೊಳ್ಳಿ. ಬೈದದ್ದು ಹೊಗಳಿದ್ದಕ್ಕಿಂತ ಒಳ್ಳೆಯ ಆಧಾರ. ಏನೂ ಸಿಗದಿದ್ದರೆ ಬೆಂಗಳೂರಿನ ಅಚ್ಚುಕೂಟಗಳ ಬಗ್ಗೆ ಒಂದು ಲೇಖನಕ್ಕೆ ಕೈ ಹಾಕಿ, ನಿಮ್ಮ ಮುತ್ತಾತ ಅದರಲ್ಲಿ ಒಂದು ಪ್ಯಾರಾ ಆಗಲಿ.

ನಮ್ಮ ಪತ್ರಿಕೆಗೆ ಆಸಕ್ತಿ ಇರುವುದು ಆ ಲೆಕ್ಕದ ಪುಸ್ತಕದಲ್ಲಿ. ಆಣೆ, ಪೈ, ಸೇರು, ಕೊಳಗಗಳ ಲೆಕ್ಕವನ್ನು ಬಳೇಪೇಟೆಯ ಮಕ್ಕಳಿಗೆ ಹೇಗೆ ಹೇಳಿಕೊಟ್ಟರು ಎಂದು ನಮ್ಮವರೊಬ್ಬರು, ನಿಮ್ಮ ಮನೆಗೆ ಸಂಬಂಧವಿಲ್ಲದವರು, ನೋಡಿ ಬರೆಯಬಹುದು. ಅವರು ಏನು ಬರೆಯುತ್ತಾರೋ ಅದಕ್ಕೆ ನಾನು ಕೈ ಹಾಕುವುದಿಲ್ಲ, ನೀವೂ ಹಾಕುವಂತಿಲ್ಲ. ಒಪ್ಪಿಗೆಯಾದರೆ ಮೂಲ ಪ್ರತಿ ಕಳಿಸಬೇಡಿ, ಫೋನಿನಲ್ಲಿ ಪುಟ ಪುಟವೂ ಫೋಟೋ ತೆಗೆದು ಕಳಿಸಿ, ಶೀರ್ಷಿಕೆ ಪುಟದ ಹಿಂಬದಿ ಬಿಡಬೇಡಿ. ಪತ್ರದ ಕೊನೆಯಲ್ಲಿ 'ಹಾಳಾಗಬಾರದೆಂದು ಲ್ಯಾಮಿನೇಷನ್ ಮಾಡಿಸುತ್ತೇನೆ' ಎಂದಿದ್ದೀರಿ. ದಮ್ಮಯ್ಯ, ಅದೊಂದು ಮಾತ್ರ ಮಾಡಿಸಬೇಡಿ.

– ಸಂಪಾದಕ