ಹಳೇ ಜೀಪು ಗುಡ್ಡ ಹತ್ತುವಾಗ ಮಾತ್ರ ಹೀಟ್ ಆಗುತ್ತೆ, ಹೆಡ್ ಬಿಚ್ಚಿಸ್ಬೇಕಾ?

ಬೇಡ ಸರ್, ಈಗ್ಲೇ ಹೆಡ್ (ಇಂಜಿನ್ ಮೇಲ್ಭಾಗ) ಬಿಚ್ಚಿಸ್ಬೇಡಿ. ನೀವು ಬರೆದಿರೋದು ನಂಗೆ ಅರ್ಥ ಆಗಿದ್ದು ಇಷ್ಟು: ಹಳೇ ಮಹೀಂದ್ರ ಎಂಎಂ 540 ಡೀಸೆಲ್ ಜೀಪು, ಚಿಕ್ಕಮಗಳೂರಿಂದ ಕಡೂರಿಗೆ ಹೋಗಿ ಬಂದ್ರೆ ಟೆಂಪರೇಚರ್ ಮುಳ್ಳು ಅಲ್ಲಾಡಲ್ಲ, ಅದೇ ಗಾಡಿ ಕೈಮರ ದಾಟಿ ಸೀತಾಳಯ್ಯನಗಿರಿ ಕಡೆ ಹತ್ತೋಕೆ ಶುರು ಮಾಡಿದ್ರೆ ಅರ್ಧ ದಾರೀಲಿ ಮುಳ್ಳು ಮೇಲೆ, ನಿಲ್ಸಿದ್ ತಕ್ಷಣ ಓವರ್‌ಫ್ಲೋ ಪೈಪಿಂದ ನೀರು ಉಗುಳುತ್ತೆ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆದ್ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಕಿತ್ ಹಾಕಿದ್ರು, ಏನೂ ಫರಕ್ ಬೀಳ್ಲಿಲ್ಲ, ಈಗ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿರೋ ಸೀಲು) ಹೋಗಿದೆ ಅಂತಿದಾರೆ.

ನಮ್ದು ಮೂಡಿಗೆರೆ ಕಡೆ ತೋಟ, ಅಂಥದೇ ಹಳೇ ಡೀಸೆಲ್ ಜೀಪು ಇಪ್ಪತ್ತು ವರ್ಷದಿಂದ ನಾನೇ ಓಡಿಸ್ತಿದೀನಿ, ಇದೇ ಕಾಯಿಲೆ ಎರಡು ವರ್ಷ ಅನುಭವಿಸಿದೀನಿ. ಹಾಗಾಗಿ ಹೇಳ್ತೀನಿ, ಗಾಡಿ ಯಾವಾಗ ಹೀಟ್ ಆಗುತ್ತೆ ಅನ್ನೋದನ್ನ ಸರಿಯಾಗಿ ಗಮನಿಸಿದ್ರೆ ಅರ್ಧ ಕೆಲಸ ಆದಂಗೆ. ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೇ ಹೀಟ್ ಆದ್ರೆ ಥರ್ಮೋಸ್ಟಾಟ್ ಮುಚ್ಕೊಂಡಿರುತ್ತೆ, ಇಲ್ಲಾ ಏರ್ ಲಾಕ್ (ನೀರಿನ ದಾರೀಲಿ ಗಾಳಿ ಸಿಕ್ಕೊಂಡಿರೋದು), ಇಲ್ಲಾ ಗ್ಯಾಸ್ಕೆಟ್. ಹೈವೇಲಿ ಸ್ಪೀಡಲ್ಲಿ ಹೋಗುವಾಗ ಹೀಟ್ ಆದ್ರೆ ಹೆಚ್ಚಾಗಿ ರೇಡಿಯೇಟರ್ ಒಳಗಡೆ ಬ್ಲಾಕ್. ನಿಮ್ಮ ಥರ ಸಮತಟ್ಟಲ್ಲಿ ಚೆನ್ನಾಗಿದ್ದು ನಿಧಾನಕ್ಕೆ ಏರು ಹತ್ತುವಾಗ ಮಾತ್ರ ಅಂದ್ರೆ ಮೊದಲ ಅನುಮಾನ ಗಾಳಿ ಮೇಲೆ. ಯಾಕಂದ್ರೆ ಕಡೂರು ರೋಡಲ್ಲಿ ಎದುರುಗಾಳಿನೇ ರೇಡಿಯೇಟರ್ ತಣ್ಣಗೆ ಮಾಡುತ್ತೆ, ಗುಡ್ಡದಲ್ಲಿ ಹದಿನೈದು ಕಿಲೋಮೀಟರ್ ಸ್ಪೀಡಲ್ಲಿ ಇಂಜಿನ್ ಮೇಲೆ ಪೂರ್ತಿ ಲೋಡ್ ಇರುವಾಗ ಆ ಕೆಲಸ ಎಲ್ಲಾ ಫ್ಯಾನ್ ಒಂದೇ ಮಾಡ್ಬೇಕು.

ಒಂದು ನ್ಯೂಸ್ ಪೇಪರ್ ಹಾಳೆ ತಗೊಂಡು ಇಂಜಿನ್ ಐಡಲಲ್ಲಿ ಇರುವಾಗ ಮುಂದಿನ ಗ್ರಿಲ್‌ಗೆ ಹಿಡಿರಿ, ಗಾಳಿ ಸರಿಯಾಗಿ ಎಳೀತಿದ್ರೆ ಹಾಳೆ ಅಂಟ್ಕೊಂಡು ನಿಲ್ಲುತ್ತೆ. ಜಾರಿ ಬಿದ್ರೆ ಬೆಲ್ಟ್ ನೋಡಿ, ಹೆಬ್ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚಿಗಿಂತ ಜಾಸ್ತಿ ಒಳಗೆ ಹೋಗ್ಬಾರ್ದು (ಒತ್ತೋದು ಇಂಜಿನ್ ಆಫ್ ಮಾಡಿ, ಫ್ಯಾನ್ ಹತ್ರ ತೋಳಿನ ಬಟ್ಟೆ, ಟವಲ್ ಏನೂ ಜೋತಾಡ್ಬಾರ್ದು). ಆಮೇಲೆ ಫ್ಯಾನ್ ಸುತ್ತ ಇರೋ ಕವರ್ ಇದೆಯಾ ನೋಡಿ. ಹಳೇ ಗಾಡಿಗಳಲ್ಲಿ ಯಾವ್ದೋ ಕಾಲದಲ್ಲಿ ರಿಪೇರಿಗೆ ಅಡ್ಡ ಅಂತ ಬಿಚ್ಚಿ ಎಸೆದಿರ್ತಾರೆ, ಅದಿಲ್ದಿದ್ರೆ ಫ್ಯಾನು ರೇಡಿಯೇಟರ್ ಮೂಲಕ ಎಳೆಯೋ ಬದಲು ಪಕ್ಕದಲ್ಲಿರೋ ಬಿಸಿಗಾಳಿನೇ ತಿರುಗಿಸ್ತಾ ಇರುತ್ತೆ. ತೋಟದ ದಾರೀಲಿ ಓಡಾಡೋ ಗಾಡಿ ಆದ್ರೆ ರೇಡಿಯೇಟರ್ ರೆಕ್ಕೆಗಳ ಮಧ್ಯ ಕೆಂಪು ಮಣ್ಣು, ಹುಲ್ಲಿನ ಬೀಜ, ಸಿಲ್ವರ್ ಓಕ್ ಮರದ ಎಲೆ ಚೂರು ಮೆತ್ಕೊಂಡಿರುತ್ತೆ, ಮುಂದಿಂದ ನೋಡಿದ್ರೆ ಕಾಣಲ್ಲ, ಹಿಂದಿಂದ ಟಾರ್ಚ್ ಬಿಟ್ಟು ನೋಡಿ. ತೊಳೆಯೋದೂ ಹಿಂದಿಂದ ಮುಂದಕ್ಕೆ, ಮಾಮೂಲಿ ಹೋಸ್ ನೀರಲ್ಲಿ ಸಾಕು. ಪ್ರೆಶರ್ ವಾಷರ್ ಬಿಟ್ರೆ ರೆಕ್ಕೆ ಮಡಚಿ ಇದ್ದ ಗಾಳಿನೂ ಹೋಗುತ್ತೆ.

ಈಗ ನಮ್ಮ ಗಾಡೀದು ಹೇಳ್ತೀನಿ. ರೇಡಿಯೇಟರ್ ಎರಡು ಸಲ ರಾಡಿಂಗ್ (ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿ ಕ್ಲೀನ್ ಮಾಡೋದು) ಆಯ್ತು, ವಾಟರ್ ಪಂಪ್ ಹೊಸದು ಹಾಕಿಸ್ದೆ, ಆದ್ರೂ ದೇವರಮನೆ ಏರಲ್ಲಿ ಕುದಿಯೋದು ನಿಲ್ಲಲಿಲ್ಲ. ಒಂದಿನ ಸಂಜೆ ಮನೆ ಅಂಗಳದಲ್ಲಿ ಬಾನೆಟ್ ಎತ್ತಿ, ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ ನಾನು ಆಕ್ಸಿಲರೇಟರ್ ಲಿಂಕ್ ಕೈಯಲ್ಲೇ ಎಳೆದು ರೇಸ್ ಮಾಡ್ತಿದ್ದೆ, ನಮ್ಮ ಹುಡುಗ ಟಾರ್ಚ್ ಹಿಡ್ಕೊಂಡಿದ್ದ, ಅವ್ನು "ಅಣ್ಣಾ, ಕೆಳಗಿನ ಪೈಪ್ ನೋಡಿ" ಅಂದ. ರೇಡಿಯೇಟರ್ ಕೆಳಗಿಂದ ಪಂಪಿಗೆ ಬರೋ ಆ ಹೋಸು ರೇಸ್ ಕೊಟ್ಟಾಗೆಲ್ಲ ಚಪ್ಪಟೆ ಆಗ್ತಿತ್ತು, ಬಿಟ್ರೆ ಮತ್ತೆ ದುಂಡಗೆ. ಪಂಪು ಎಳೀತಿದೆ, ಹೋಸೇ ಬಾಯಿ ಮುಚ್ಕೊಳ್ತಿದೆ, ನೀರೆಲ್ಲಿಂದ ಬರ್ಬೇಕು! ಮಾರನೇ ದಿನ ಕೊಯ್ದು ನೋಡಿದ್ರೆ ಒಳಗಡೆ ಹೋಸನ್ನ ಬಿಗಿಯಾಗಿ ಹಿಡಿದಿರ್ಬೇಕಾದ ಸ್ಪ್ರಿಂಗು ತುಕ್ಕು ಹಿಡಿದು ಪುಡಿ ಆಗಿತ್ತು, ಅಂಗೈಗೆ ಸುರ್ಕೊಂಡ್ರೆ ಕೆಂಪು ಚೂರು. ಎಷ್ಟೋ ವರ್ಷ ಬರೀ ಬೋರ್ ನೀರು ಹಾಕಿದ್ದರ ಫಲ ಅದು, ಗಾಡಿ ತಪ್ಪಲ್ಲ. ರೇಡಿಯೇಟರ್ ಕ್ಯಾಪ್ ರಬ್ಬರೂ ಕಲ್ಲಾಗಿತ್ತು, ಹಾಗಾಗಿ ಒಳಗೆ ಪ್ರೆಶರ್ ನಿಲ್ತಿರ್ಲಿಲ್ಲ, ಪ್ರೆಶರ್ ಇದ್ದಿದ್ರೆ ಹೋಸು ಅಷ್ಟು ಸುಲಭಕ್ಕೆ ಚಪ್ಪಟೆ ಆಗ್ತಿರ್ಲಿಲ್ಲ. ಹೋಸು, ಕ್ಯಾಪು ಎರಡೇ ಬದಲಾಯಿಸಿದ್ದು, ಅವತ್ತಿಂದ ಇವತ್ತಿನವರೆಗೆ ಕುದಿದಿಲ್ಲ.

ಕ್ಯಾಪನ್ನ ಜನ ಬರೀ ಮುಚ್ಚಳ ಅನ್ಕೊಂಡಿದಾರೆ. ನಮ್ಮ ಕಡೆ ಅದಕ್ಕೆ ಇನ್ನೂ ಬೆಲೆ ಜಾಸ್ತಿ, ಯಾಕಂದ್ರೆ ಎತ್ತರ ಹೋದಂಗೆ ನೀರು ಬೇಗ ಕುದಿಯುತ್ತೆ. ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿ ತೆರೆದ ಪಾತ್ರೆ ನೀರು ಸುಮಾರು 93-94 ಡಿಗ್ರಿಗೇ ಕುದಿಯುತ್ತೆ. ಕ್ಯಾಪ್ ಹಿಡಿಯೋ ಒಂದೊಂದು ಪಿಎಸ್‌ಐ (ಪ್ರೆಶರ್ ಅಳತೆ) ಪ್ರೆಶರಿಗೂ ಕುದಿಯೋ ಮಟ್ಟ ಒಂದೂವರೆ ಡಿಗ್ರಿಯಷ್ಟು ಮೇಲೆ ಹೋಗುತ್ತೆ, ಅಂದ್ರೆ 7 ಪಿಎಸ್‌ಐ ಕ್ಯಾಪ್ ಸರಿ ಇದ್ರೆ ಹತ್ತು ಡಿಗ್ರಿ ಉಳೀತು. ನಿಮ್ಮ ಗಾಡಿಗೆ ಎಷ್ಟರದು ಬಂದಿತ್ತೋ ಅಷ್ಟರದ್ದೇ ಹಾಕಿ, ಜಾಸ್ತೀದು ಹಾಕಿದ್ರೆ ಹಳೇ ರೇಡಿಯೇಟರ್ ಬೆಸುಗೆ ಬಿಡುತ್ತೆ.

ಗ್ಯಾಸ್ಕೆಟ್ ಅನುಮಾನ ಇದ್ರೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ನೀರು ಬಾಯಿ ಮಟ್ಟ ತುಂಬಿ ಸ್ಟಾರ್ಟ್ ಮಾಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತ್ರೆ ಅದು ಒಳಗಿದ್ದ ಗಾಳಿ, ನಿಲ್ಲದೆ ಬುಳಬುಳ ಬರ್ತಾನೇ ಇದ್ರೆ, ರೇಸ್ ಕೊಟ್ಟಾಗ ಜಾಸ್ತಿ ಆದ್ರೆ ಆಗ ಮೆಕ್ಯಾನಿಕ್ ಮಾತು ನಂಬಿ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೆ, ನೀರು ಬಿಸಿ ಆಗೋ ಮುಂಚೆನೇ, ಮೇಲಿನ ಹೋಸು ಕಲ್ಲಿನ ಥರ ಗಟ್ಟಿ ಆದ್ರೂ ಅದೇ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಗಾಡಿ ಓಡಿಸೋದೇ ಬೇಡ.

ಥರ್ಮೋಸ್ಟಾಟ್ ದಯವಿಟ್ಟು ವಾಪಸ್ ಹಾಕಿಸಿ ಸರ್. ನಮ್ಮ ಚಳೀಲಿ ಡೀಸೆಲ್ ಇಂಜಿನ್ ಬಿಸಿನೇ ಆಗ್ದೆ ಓಡಿದ್ರೆ ಅದೂ ಸವೆತನೇ. ಹಾಕೋ ಮುಂಚೆ ಒಂದು ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, 82 ಡಿಗ್ರಿ ಅಂತ ಬರೆದಿದ್ರೆ ಅದರ ಹತ್ರ ಬಾಯಿ ಬಿಡೋಕೆ ಶುರು ಮಾಡ್ಬೇಕು.

ಅಲ್ಲೀವರೆಗೆ ಗುಡ್ಡ ಹತ್ತಲೇಬೇಕು ಅಂದ್ರೆ ಮೂರನೇ ಗೇರಲ್ಲಿ ಉಸಿರುಕಟ್ಟಿ ಎಳೀಬೇಡಿ, ಒಂದು ಗೇರ್ ಕಮ್ಮಿ ಹಾಕಿ, ಕಚ್ಚಾ ರಸ್ತೆ ಆದ್ರೆ ಫೋರ್ ವೀಲ್ ಲೋ ಹಾಕಿ. ಇಂಜಿನ್ ಸ್ವಲ್ಪ ಜೋರಾಗಿ ತಿರುಗಿದ್ರೆ ಫ್ಯಾನು ಪಂಪು ಎರಡೂ ಜೋರಾಗಿ ತಿರುಗುತ್ತೆ. ಮುಳ್ಳು ಮೇಲೆ ಹೋದ್ರೆ ಸೈಡಿಗೆ ಹಾಕಿ, ನೀರು ಹೊರಗೆ ಬರ್ತಿಲ್ಲ ಅಂದ್ರೆ ಎರಡು ನಿಮಿಷ ಐಡಲಲ್ಲಿ ಬಿಟ್ಟು ಆಫ್ ಮಾಡಿ, ನೀರು ಚೆಲ್ತಿದ್ರೆ ತಕ್ಷಣ ಆಫ್. ಮುಕ್ಕಾಲು ಗಂಟೆ ಕ್ಯಾಪ್ ಮುಟ್ಬೇಡಿ ಮಾರಾಯ್ರೆ, ನಮ್ಮ ಪಕ್ಕದ ತೋಟದವರ ಮುಖ, ಕುತ್ತಿಗೆ ಸುಟ್ಟಿದ್ದು ಕಣ್ಣಾರೆ ನೋಡಿದೀನಿ. ಬಿಸಿ ಇಂಜಿನ್ ಮೇಲೆ ಹಳ್ಳದ ತಣ್ಣೀರು ಸುರಿಯೋದೂ ಬೇಡ, ಹೆಡ್ ಬಿರುಕು ಬಿಡುತ್ತೆ.

ಮೊದ್ಲು ಪೇಪರ್ ಹಿಡಿದು ನೋಡಿ, ಆಮೇಲೆ ಕೆಳಗಿನ ಹೋಸು. ರೇಸ್ ಕೊಟ್ಟಾಗ ಹೋಸು ಹೇಗಿರುತ್ತೆ ಅಂತ ಒಂದು ವಿಡಿಯೋ ಹಾಕಿ, ನೋಡಿ ಹೇಳ್ತೀನಿ.