ಮಗಳಿಗೆ ಎಮ್ಮೆಸ್ಸಿ ನರ್ಸಿಂಗಲ್ಲಿ ಯಾವುದು ಅಂತ ಕೇಳಿದ್ರಲ್ಲ, ಕಾಸರಗೋಡಿಂದ ಉತ್ತರ

ಅಕ್ಕಾ, ನೀವು ತುಮಕೂರಿನವ್ರು, ಮಗಳು ಮಂಗ್ಳೂರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸ್ತಾ ಇದ್ದಾಳೆ, ಮುಂದೆ ಹೆಂಗಸರ ಆರೋಗ್ಯದ್ದು ಓದುದಾ ವಯಸ್ಸಾದವರನ್ನು ನೋಡುವುದು ಓದುದಾ, ಗಡಿ ಕಡೆ ಯಾವುದು ಬೇಕಾಗ್ತದೆ ಅಂತ ಕೇಳಿದ್ರಿ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಮಂಗ್ಳೂರಲ್ಲೇ ಓದಿ ಎಮ್ಮೆಸ್ಸಿ ಒಬಿಜಿ, ಅಂದ್ರೆ ಹೆರಿಗೆ ಮತ್ತೆ ಹೆಂಗಸರ ಕಾಯಿಲೆಯ ನರ್ಸಿಂಗ್, ಮಾಡಿದವಳು, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಸರಿ ಅಂತ ಬರೀತಾ ಇದ್ದೇನೆ. ನನ್ನ ಪ್ರಕಾರ ಅವೆರಡು ಬೇರೆಬೇರೆ ಅಲ್ವೇ ಅಲ್ಲ. ಅದು ಯಾಕೆ ಅಂತ ಗೊತ್ತಾಗ್ಬೇಕಾದ್ರೆ ನಮ್ಮ ಊರು ಹೇಗೆ ಅಂತ ಮೊದ್ಲು ಹೇಳ್ಬೇಕು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ಜೊತೆಗೆ ಇದ್ದದ್ದು, ಆಮೇಲೆ ಕೇರಳಕ್ಕೆ ಹೋಯ್ತು, 1984ರಲ್ಲಿ ಬೇರೆ ಜಿಲ್ಲೆ ಆಯ್ತು. ಕಾಗದಪತ್ರ ಹೆಚ್ಚಾಗಿ ಮಲಯಾಳ, ಆದ್ರೆ ಜೋರು ಹುಷಾರಿಲ್ಲ ಅಂದ್ರೆ ಇವತ್ತಿಗೂ ಕಾರು ಗಡಿಯ ತಲಪಾಡಿ ದಾಟಿ ಮಂಗ್ಳೂರಿಗೇ ಹೋಗುದು. 2020ರ ಮಾರ್ಚಲ್ಲಿ ಗಡಿಗೆ ಮಣ್ಣು ಹಾಕಿ ರಸ್ತೆ ಮುಚ್ಚಿದ್ರಲ್ಲ, ಆಗ ಡಯಾಲಿಸಿಸಿನವ್ರು, ತುಂಬು ಗರ್ಭಿಣಿಯರು ಪಟ್ಟ ಪಾಡು ನಮಗೆ ಇನ್ನೂ ಮರ್ತಿಲ್ಲ. ಒಂದೇ ವಾರ್ಡಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಎಲ್ಲ ಕೇಳ್ತದೆ. ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಸುಮ್ನೆ ಹೇಳುದಲ್ಲ.

ಮತ್ತೆ ಇಲ್ಲಿ ಅಜ್ಜ ಅಜ್ಜಿಯಂದಿರು ಜಾಸ್ತಿ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಅರ್ವತ್ತು ದಾಟಿದವ್ರು 100ಕ್ಕೆ 8.6, ಕೇರಳದಲ್ಲಿ 12.6. ಮಕ್ಕಳು ದುಬೈ, ಬೆಂಗ್ಳೂರು ಅಂತ ಹೋಗಿ ಆಗಿದೆ, ದೊಡ್ಡ ಮನೆ, ಅಡಿಕೆ ತೋಟ, ಒಂದು ನಾಯಿ, ಒಬ್ರೇ ಅಜ್ಜಿ. ಹಾಗಂತ ನೋಡುವವ್ರೇ ಇಲ್ಲ ಅಂತಲ್ಲ. ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ ಕೇರಿಗೆ, ಅಂದ್ರೆ ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡಿ ನೋಡ್ಕೊಳ್ಳುದಕ್ಕೆ, ಸರ್ಕಾರದ್ದೇ ಪಾಲಿಸಿ ಬಂತು, ಇಲ್ಲಿ ಅದಕ್ಕೆ ಸಾಂತ್ವನ ಅಂತ ಹೇಳ್ತಾರೆ, ಪಂಚಾಯತಿನ ಲೆಕ್ಕದಲ್ಲಿ ಒಬ್ಬ ನರ್ಸ್, ಜೊತೆಗೆ ಆಶಾ, ಒಂದು ಜೀಪು, ಮನೆಮನೆಗೆ ಹೋಗಿ ಕೆಥೀಟರ್ (ಮೂತ್ರ ಹೋಗ್ಲಿಕ್ಕೆ ಹಾಕುವ ನಳಿಗೆ) ಬದಲಿಸುದು, ಮಲಗಿದಲ್ಲೇ ಇರುವವರ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುದು, ಮನೆಯವರಿಗೆ ಮಗ್ಗುಲು ಬದಲಿಸ್ಲಿಕ್ಕೆ ಕಲಿಸುದು. ಈ ವ್ಯವಸ್ಥೆ ಬಗ್ಗೆ ನಂಗೆ ನಿಜವಾಗಿ ಅಭಿಮಾನ ಉಂಟು.

ಆದ್ರೆ ಆ ನರ್ಸಮ್ಮಂಗೆ ಸಿಗುವ ಟ್ರೈನಿಂಗ್ ಕೆಲವು ತಿಂಗಳದ್ದು, ಮನೇಲಿ ಸಿಗುವ ಕೇಸು ಎಂಥೆಂಥದ್ದೋ. ನಮ್ಮ ಜಿಲ್ಲೆಯ ಎಣ್ಮಕಜೆ ಕಡೆ ಗೇರು ತೋಟಕ್ಕೆ ವರ್ಷಾನುಗಟ್ಟಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟದ್ದು ನೀವು ಕೇಳಿರ್ತೀರಿ, 2000ದಲ್ಲಿ ನಿಂತದ್ದು ಅದು, ತೊಂದ್ರೆ ಆದವ್ರಿಗೆ ಐದು ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳ್ತು. ಅದರಿಂದ ಅಂಗವೈಕಲ್ಯ ಆದ ಮಕ್ಕಳ ಫೋಟೋ ಎಲ್ಲ್ರೂ ನೋಡಿದ್ದಾರೆ. ಆ ಮಕ್ಕಳ ಅಮ್ಮಂದಿರಿಗೆ ಈಗ ಅರ್ವತ್ತು ಆಗ್ತಾ ಬಂತು ಅಕ್ಕಾ. ಮೂವತ್ತು ವರ್ಷದ ಮಗನನ್ನು ಈಗ್ಲೂ ಎತ್ತಿ ಬಚ್ಚಲಿಗೆ ಕರ್ಕೊಂಡು ಹೋಗುವವ್ರು ಅವ್ರು. ಅವರ ಸೊಂಟ, ಗರ್ಭಕೋಶ, ಮೂಳೆ ಯಾರು ನೋಡುದು? ಜೀಪು ಬರುದು ಮಗನಿಗೋಸ್ಕರ, ಅಮ್ಮ ಲಿಸ್ಟಲ್ಲೇ ಇಲ್ಲ.

ಅದಕ್ಕೇ ನಾನು ಅವೆರಡು ಬೇರೆ ಅಲ್ಲ ಅಂದದ್ದು. ನಾನು ಎಮ್ಮೆಸ್ಸಿಯಲ್ಲಿ ಓದಿದ್ದು ಹೆಚ್ಚಾಗಿ ಬಸಿರು, ಹೆರಿಗೆ, ಬಾಣಂತನ, ಮಗು. ಮುಟ್ಟು ನಿಂತ ಮೇಲಿನದ್ದು ಇಲ್ಲ ಅಂತಲ್ಲ, ಆದ್ರೆ ಪೋಸ್ಟಿಂಗ್ ಎಲ್ಲ ಲೇಬರ್ ರೂಮಲ್ಲೇ, ಅಂದ್ರೆ ಹೆರಿಗೆ ಕೋಣೆಯಲ್ಲೇ, ಕಳೀತದೆ. ಆ ಕಡೆ ವಯಸ್ಸಾದವರ ಪಾಠದಲ್ಲಿ ಬಿಪಿ, ಶುಗರು, ಬೀಳುದು, ಮರೆವು ಎಲ್ಲ ಉಂಟು, ಆದ್ರೆ ಅಜ್ಜಿ ಒಬ್ಬಳು ಹೆಂಗಸು ಅನ್ನುದು ಅಲ್ಲಿ ಮರ್ತೇ ಹೋಗ್ತದೆ. ನಮ್ಮ ಕಡೆ ಆರೇಳು ಹೆತ್ತವ್ರು, ಬಾಣಂತನ ಸರಿಯಾಗಿ ಮುಗಿಯುವ ಮೊದ್ಲೇ ಸೊಪ್ಪಿನ ಹೊರೆ ಹೊತ್ತವ್ರು, ಕುಂತಲ್ಲೇ ಗಂಟೆಗಟ್ಟಲೆ ಬೀಡಿ ಕಟ್ಟಿದವ್ರು. ಗರ್ಭಕೋಶ ಜಾರಿ ಇರ್ತದೆ, ಕೆಮ್ಮಿದ್ರೆ ಮೂತ್ರ ಹೋಗ್ತದೆ, ಹಳೇ ಸೀರೆ ಹರ್ದು ಬಟ್ಟೆ ಇಟ್ಕೊಂಡು ವರ್ಷಾನುಗಟ್ಟಲೆ ಯಾರಿಗೂ ಹೇಳದೆ ಇರ್ತಾರೆ, ಮದುವೆಗೆ ಹೋಗುದು ಬಿಡ್ತಾರೆ, ಬಸ್ಸು ಹತ್ತುದು ಬಿಡ್ತಾರೆ. ರಾತ್ರಿ ನಾಲ್ಕು ಸಲ ಎದ್ದು ಕತ್ತಲೆಯಲ್ಲಿ ಬಚ್ಚಲಿಗೆ ಓಡುವಾಗ ಬಿದ್ದು ಸೊಂಟ ಮುರೀತದೆ. ಕೇಸ್ ಶೀಟಲ್ಲಿ ಜಾರಿ ಬಿದ್ದದ್ದು ಅಂತ ಮಾತ್ರ ಬರ್ದಿರ್ತದೆ. ಜಾರಿದ ಗರ್ಭಕೋಶಕ್ಕೆ ಆಸರೆಯಾಗಿ ಒಳಗೆ ಒಂದು ರಬ್ಬರ್ ರಿಂಗು ಹಾಕಿ, ಅದನ್ನು ತೆಗ್ದು ತೊಳೀಲಿಕ್ಕೆ ಕಲಿಸಿ, ಕೆಳಗಿನ ಸ್ನಾಯು ಬಿಗಿ ಮಾಡುವ ವ್ಯಾಯಾಮ ಹೇಳಿಕೊಟ್ಟಿದ್ರೆ ಎಷ್ಟೋ ಜನಕ್ಕೆ ಆ ರಾತ್ರಿ ಓಡಾಟವೇ ಕಮ್ಮಿ ಆಗ್ತಿತ್ತು.

ಇನ್ನೊಂದು, ಮುಟ್ಟು ನಿಂತು ಹತ್ತು ವರ್ಷ ಆದ ಅಜ್ಜಿ ಪುನಃ ಮುಟ್ಟಾದೆ ಅಂತ ನಾಚಿಕೊಂಡು ಹೇಳಿದ್ರೆ ನಗ್ಬಾರ್ದು, ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಲಕ್ಷಣವೂ ಆಗಿರ್ಬಹುದು, ಒಂದು ಹನಿ ಕಂಡ್ರೂ ಡಾಕ್ಟ್ರಿಗೆ ತೋರಿಸ್ಲೇಬೇಕು. ಆದ್ರೆ ಅವ್ರು ಅದನ್ನು ಹೇಳ್ಬೇಕಲ್ಲ, ಅದೂ ಅವರದ್ದೇ ಭಾಷೆಯಲ್ಲಿ ಕೇಳಿದ್ರೆ ಮಾತ್ರ ಹೇಳುದು.

ಭಾಷೆ ಅಂದದ್ದಕ್ಕೆ ಒಂದು ಹೇಳ್ತೇನೆ, ಇದು ನನ್ನ ಮನಸ್ಸಿಂದ ಹೋಗುದೇ ಇಲ್ಲ. ಮೊದಲ ಕೆಲಸ, ಒಂದು ಖಾಸಗಿ ಆಸ್ಪತ್ರೆ, ಹೆಸ್ರು ಬೇಡ. ಸೊಂಟದ ಮೂಳೆ ಆಪರೇಶನ್ ಆದ ಎಂಬತ್ತರ ಹತ್ರದ ತುಳು ಅಜ್ಜಿ. ಸಾಯಂಕಾಲ ಕೆಥೀಟರ್ ತೆಗ್ದಿದ್ರು. ರಾತ್ರಿ ಡ್ಯೂಟಿಗೆ ಘಟ್ಟದ ಮೇಲಿನ ಹೊಸ ಹುಡುಗಿ, ಪಾಪ ಒಳ್ಳೆಯವಳು, ತುಳು ಬರುದಿಲ್ಲ. ಅಜ್ಜಿ ರಾತ್ರಿಯಿಡೀ ಹಾಸಿಗೆ ಕಿತ್ತು, ಎದ್ದು ಹೋಗ್ಲಿಕ್ಕೆ ನೋಡಿ, ಬಂಜಿ ಬಂಜಿ ಅಂತ ಹೇಳಿದ್ದಾರೆ. ಅವಳಿಗೆ ಬಂಜೆ ಅಂತ ಕೇಳಿದೆ. ಮಕ್ಕಳಾಗದ ದುಃಖ ಏನೋ, ಗೊಂದಲದಲ್ಲಿ ಮಾತಾಡ್ತಿದ್ದಾರೆ ಅಂತ ನೋಟ್ಸಲ್ಲಿ ಬರ್ದಳು. ಅಜ್ಜಿಗೆ ಐದು ಮಕ್ಕಳು! ತುಳುವಲ್ಲಿ ಬಂಜಿ ಅಂದ್ರೆ ಹೊಟ್ಟೆ, ಬಂಜಿ ಬೇನೆ ಅಂದ್ರೆ ಹೊಟ್ಟೆನೋವು. ಬೆಳಿಗ್ಗೆ ನಾನು ಹೋಗಿ ಕಿಬ್ಬೊಟ್ಟೆ ಮೇಲೆ ಕೈ ಇಟ್ಟೆ, ತೆಂಗಿನಕಾಯಿ ಹಾಗೆ ಗಟ್ಟಿ. ರಾತ್ರಿಯಿಂದ ಮೂತ್ರ ಕಟ್ಟಿ ಹೋಗಿತ್ತು. ಪುನಃ ಕೆಥೀಟರ್ ಹಾಕಿದಾಗ ಎಂಟುನೂರು ಎಂಎಲ್ ದಾಟಿತು, ಅರ್ಧ ಗಂಟೆಯಲ್ಲಿ ಅಜ್ಜಿ ನನ್ನ ಕೈ ಹಿಡ್ಕೊಂಡು ಸರಿಯಾಗಿ ಮಾತಾಡಿದ್ರು, ಮಗಳ ಹೆಸ್ರು ಹೇಳಿದ್ರು, ಕಾಫಿ ಕೇಳಿದ್ರು.

ಅದ್ರಲ್ಲಿ ತಪ್ಪು ಆ ಹುಡುಗಿಯದ್ದು ಮಾತ್ರ ಅಂತ ನಾನು ಯಾವತ್ತೂ ಹೇಳುದಿಲ್ಲ. ಸಾಯಂಕಾಲ ಅವಳಿಗೆ ಡ್ಯೂಟಿ ವಹಿಸಿಕೊಡುವಾಗ ಅಜ್ಜಿಗೆ ಮೂತ್ರ ಹೋಯ್ತಾ ಅಂತ ನಾನೂ ಕೇಳ್ಲಿಲ್ಲ. ವಯಸ್ಸಾದವ್ರು ಇದ್ದಕ್ಕಿದ್ದ ಹಾಗೆ ಗಲಿಬಿಲಿ ಆದ್ರೆ ಮೊದ್ಲು ಮೂತ್ರ, ಮಲ, ನೋವು, ಸೋಂಕು, ಹೊಸ ಮಾತ್ರೆ ಇಷ್ಟನ್ನು ನೋಡ್ಬೇಕು, ವಯಸ್ಸಾಯ್ತು ಅಂತ ಬಿಡುದಲ್ಲ. ಇದನ್ನು ನಾನು ಎಮ್ಮೆಸ್ಸಿ ಮುಗ್ದ ಮೇಲೆ ಬೇರೆ ಪುಸ್ತಕ ಹಿಡ್ದು ಕಲಿತೆ, ಮೊದ್ಲೇ ಗೊತ್ತಿದ್ರೆ ಆ ರಾತ್ರಿ ಅಜ್ಜಿಗೆ ತಪ್ಪುತ್ತಿತ್ತು.

ಈಗ ಕೋರ್ಸಿನ ವಿಷ್ಯ. ಎಮ್ಮೆಸ್ಸಿ ಎರಡು ವರ್ಷ, ಬಿಎಸ್ಸಿ ಆದ ಮೇಲೆ ಒಂದು ವರ್ಷ ಕೆಲಸ ಮಾಡಿರ್ಬೇಕು. ಮೆಡಿಕಲ್ ಸರ್ಜಿಕಲ್, ಒಬಿಜಿ, ಮಕ್ಕಳದ್ದು, ಮನೋರೋಗದ್ದು, ಕಮ್ಯುನಿಟಿ, ಇವು ಉಂಟು, ಜೆರಿಯಾಟ್ರಿಕ್, ಅಂದ್ರೆ ವಯಸ್ಸಾದವರದ್ದು, ಅಂತಲೇ ಬೇರೆ ಬ್ರಾಂಚ್ ಇಲ್ಲ, ಅದು ಇವುಗಳ ಒಳಗೆ ಒಂದು ಪಾಠ ಆಗಿ ಬರುದು. ಆದ್ರೆ ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಜೆರಿಯಾಟ್ರಿಕ್ಕಿಗೇ ಅಂತ ಉಂಟು. ಹೆರಿಗೆಯೇ ಇಷ್ಟ ಅಂದ್ರೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫ್ (ಹೆರಿಗೆ ಮಾಡಿಸುವ ನರ್ಸ್) ಕೋರ್ಸು ಬಂದಿದೆ, ಕೇಂದ್ರ ಸರ್ಕಾರ 2018ರಲ್ಲಿ ಅದರ ಗೈಡ್‌ಲೈನ್ ತಂದದ್ದು. ಮಗಳು ಕರ್ನಾಟಕದಲ್ಲಿ ರಿಜಿಸ್ಟರ್ ಆಗಿ ಈಚೆ ಕೆಲಸಕ್ಕೆ ಬರುದಾದ್ರೆ ಕೇರಳದ ಕೌನ್ಸಿಲಲ್ಲಿ ಪುನಃ ರಿಜಿಸ್ಟರ್ ಮಾಡ್ಬೇಕು, ಅದಕ್ಕೆ ಸಮಯ ಹಿಡೀತದೆ, ಮೊದ್ಲೇ ಶುರು ಮಾಡಿ.

ನನ್ನನ್ನು ಕೇಳಿದ್ರೆ ಒಬಿಜಿ ತಗೊಂಡು ಥೀಸಿಸ್ಸನ್ನು ಅಜ್ಜಿಯಂದಿರ ಮೇಲೆ ಮಾಡ್ಲಿಕ್ಕೆ ಹೇಳಿ. ಗೈಡ್ ಒಪ್ಪದಿದ್ರೆ ಇನ್ನೊಂದ್ಸಲ ಕೇಳ್ಲಿ, ಲೇಬರ್ ರೂಮಿನ ವಿಷ್ಯ ಮಾಡುವವ್ರು ಬೇಕಾದಷ್ಟು ಜನ ಇದ್ದಾರೆ.

ಸೇರುವ ಮೊದ್ಲು ಒಂದು ದಿನ ನಮ್ಮ ಕಡೆಗೆ ಕಳಿಸಿ ಅಕ್ಕಾ, ಪಂಚಾಯತಿನಲ್ಲಿ ಕೇಳಿ ಸಾಂತ್ವನದ ಜೀಪಲ್ಲಿ ಕರ್ಕೊಂಡು ಹೋಗ್ತೇನೆ. ಒಂದು ಟೇಪು ಹಿಡ್ಕೊಂಡು ಬರ್ಲಿ, ಜಗಲಿಯಲ್ಲಿ ಮೂರು ಮೀಟರ್ ಅಳ್ದು, ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಿ, ಅಲ್ಲಿಯವರೆಗೆ ನಡ್ದು ತಿರುಗಿ ಬಂದು ಕೂರ್ಲಿಕ್ಕೆ ಎಷ್ಟು ಸೆಕೆಂಡ್ ಅಂತ ನೋಡ್ಬೇಕು. ಹನ್ನೆರಡು ದಾಟಿದ್ರೆ ಬೀಳುವ ಭಯ ಉಂಟು ಅಂತ ಲೆಕ್ಕ. ಆಮೇಲೆ ಮಗ, ಸೊಸೆ, ಆಶಾ ಎಲ್ಲ್ರನ್ನೂ ಅಂಗಳಕ್ಕೆ ಕಳಿಸಿ, ಬಾಗಿಲು ಅರ್ಧ ಹಾಕಿ, ಅಜ್ಜಿ ಹತ್ರ ಕೆಳಗೆ ಕೂತು, ರಾತ್ರಿ ಎಷ್ಟು ಸಲ ಏಳ್ತೀರಿ ಅಂತ ಕೇಳ್ಬೇಕು. ಬೇನೆ ಉಂಡಾ ಅನ್ನುವಷ್ಟು ತುಳು ನಾನು ದಾರಿಯಲ್ಲೇ ಕಲಿಸ್ತೇನೆ. ಶೂ ಬೇಡ, ಪ್ರತಿ ಮನೆಯಲ್ಲೂ ಕಳಚಿ ಹಾಕ್ಲಿಕ್ಕೆ ಉಂಟು, ಹವಾಯಿ ಚಪ್ಪಲಿ ಹಾಕ್ಕೊಂಡು ಬರ್ಲಿ.